ಇಳಿದ ಶ್ರುತಿ, ಬಿಗಿದ ತಂತಿ

ಆಧುನಿಕ ಪಾಶ್ಚಾತ್ಯ ವಾದ್ಯಮೇಳದಲ್ಲಿ ಬೇಸ್ ಗಿಟಾರಿಗೆ ಇರುವುದು ಕಟ್ಟಡದಲ್ಲಿ ತಳಪಾಯಕ್ಕಿರುವ ಸ್ಥಾನ. ಗಾಯಕನ ಕಂಠವನ್ನೂ ಮುಂಭಾಗದಲ್ಲಿ ಮೆರೆಯುವ ಗಿಟಾರಿನ ಚಮತ್ಕಾರವನ್ನೂ ಕೇಳುಗರೆಲ್ಲ ಗುರುತಿಸುತ್ತಾರೆ. ಕೆಳಗಿನಿಂದ ಎಲ್ಲವನ್ನೂ ಹೊತ್ತು ನಿಂತಿರುವ ಮಂದ್ರನಾದದ ಕಡೆಗೆ ಬಹು ಜನರ ಲಕ್ಷ್ಯ ಹೋಗುವುದಿಲ್ಲ. ಅದು ಹದಗೆಟ್ಟಾಗ ಮಾತ್ರ ಮೇಳವೆಲ್ಲ ಕುಸಿದಂತೆ ತೋರುತ್ತದೆ. ಈ ವಾದ್ಯವನ್ನು ಅದರ ವಾಡಿಕೆಯ ಶ್ರುತಿಗಿಂತ ಬಹಳ ಕೆಳಕ್ಕೆ ಇಳಿಸಿ ನುಡಿಸುವ ಪದ್ಧತಿ ಈಚಿನ ದಶಕಗಳಲ್ಲಿ ವಿಶೇಷವಾಗಿ ಬೆಳೆದಿದೆ. ಹಾಗೆ ಇಳಿಸಿದಾಗ ವಾದ್ಯವು ಹದಗೆಡುವುದೇಕೆ, ಕೆಡದಂತೆ ಕಾಪಾಡುವುದು ಹೇಗೆ ಎಂಬುದನ್ನು ವಿಚಾರ ಮಾಡಿದರೆ ತಂತಿವಾದ್ಯಗಳ ಭೌತಶಾಸ್ತ್ರದ ಮುಖ್ಯ ನಿಯಮಗಳೆಲ್ಲ ಒಂದೊಂದಾಗಿ ನಮ್ಮೆದುರಿಗೆ ಬಂದು ನಿಲ್ಲುತ್ತವೆ.

1930ರ ದಶಕದಲ್ಲಿ ಅಮೆರಿಕೆಯ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬಾತನು ಗಿಟಾರಿನಂತೆ ಅಡ್ಡಲಾಗಿ ಹಿಡಿದು ನುಡಿಸುವ ವಿದ್ಯುತ್ ಬೇಸ್ ವಾದ್ಯವೊಂದನ್ನು ರಚಿಸಿದ್ದನು. ಆದರೆ ಇಂತಹ ವಾದ್ಯವು ಲೋಕಪ್ರಚಾರಕ್ಕೆ ಬಂದುದು 1951ರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ತನ್ನ ‘ಪ್ರಿಸಿಷನ್ ಬೇಸ್’ ವಾದ್ಯವನ್ನು ಮಾರುಕಟ್ಟೆಗೆ ತಂದಮೇಲೆ. ಆಳೆತ್ತರದ ಡಬಲ್ ಬೇಸನ್ನು ಊರಿಂದೂರಿಗೆ ಹೊತ್ತು ತಿರುಗಬೇಕಾಗಿದ್ದ ವಾದಕರಿಗೆ ಅದು ವರವಾಗಿ ಪರಿಣಮಿಸಿತು. ಅದರ ತಂತಿಗಳಲ್ಲಿ ನುಡಿಯುವ ಭಾಗದ ಉದ್ದ 34 ಇಂಚು, ಅಂದರೆ 86 ಸೆಂಟಿಮೀಟರಿಗೆ ತುಸು ಹೆಚ್ಚು. ಇಂದಿಗೂ ಬಹುಪಾಲು ಬೇಸ್ ಗಿಟಾರುಗಳ ಅಳತೆ ಇದೇ. ನಾಲ್ಕು ತಂತಿಗಳನ್ನು ಇ, ಎ, ಡಿ, ಜಿ ಎಂಬ ಸ್ವರಗಳಿಗೆ ಕೂಡಿಸುತ್ತಾರೆ. ಇವು ಸೆಕೆಂಡಿಗೆ ಅನುಕ್ರಮವಾಗಿ 41.2, 55, 73.4 ಮತ್ತು 98 ಸಲ ಕಂಪಿಸುತ್ತವೆ.

ಇದಕ್ಕಿಂತಲೂ ಕೆಳಗಿನ ಸ್ವರಗಳ ಬಯಕೆ ಹುಟ್ಟಿದಾಗ ವಾದ್ಯಕಾರರು ತಂತಿಗಳ ಸಂಖ್ಯೆಯನ್ನೇ ಹೆಚ್ಚಿಸಿದರು. 1975ರಲ್ಲಿ ಕಾರ್ಲ್ ಥಾಮ್ಸನ್ ಎಂಬ ಶಿಲ್ಪಿ ಆಂಟನಿ ಜ್ಯಾಕ್ಸನ್ ಎಂಬ ವಾದಕನಿಗಾಗಿ ಆರು ತಂತಿಗಳ ಬೇಸನ್ನು ನಿರ್ಮಿಸಿದನು. ಇ ತಂತಿಗೂ ಕೆಳಗೆ ಬಿ ತಂತಿಯಿರುವ ಐದು ತಂತಿಗಳ ವಾದ್ಯಗಳೂ ಕ್ರಮೇಣ ರೂಢಿಗೆ ಬಂದವು. ಹೆವಿ ಮೆಟಲ್ ಮುಂತಾದ ಸಂಗೀತಪ್ರಕಾರಗಳಲ್ಲಿ ಈ ಬಿ ಸ್ವರವು ಈಗ ದಿನಬಳಕೆಯ ಸ್ವರ.

ಈಗ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಹಲವು ತಿಂಗಳ ಉಳಿತಾಯದಿಂದ ಕೊಂಡ ನಾಲ್ಕು ತಂತಿಗಳ ಬೇಸ್ ಒಂದೇ ಅವನ ಸಂಪತ್ತು. ಅವನು ಸೇರಿರುವ ಮೇಳದ ಹಾಡುಗಳಿಗೆ ಕೆಳಗಿನ ಬಿ ಸ್ವರವು ಬೇಕೇಬೇಕು. ಐದು ತಂತಿಗಳ ವಾದ್ಯವನ್ನು ಕೊಳ್ಳುವ ಶಕ್ತಿ ಅವನಿಗಿಲ್ಲ. ಆದುದರಿಂದ ಅವನು ಸಹಜವಾಗಿಯೇ ನಾಲ್ಕು ಬಿರಡೆಗಳನ್ನೂ ತಿರುಗಿಸಿ ತಂತಿಗಳನ್ನು ಐದೈದು ಸ್ವರಸ್ಥಾನ ಕೆಳಗಿಳಿಸುತ್ತಾನೆ. ಶ್ರುತಿಯೇನೋ ಇಳಿಯಿತು, ಆದರೆ ನಾದ ಎಲ್ಲಿ? ಮೀಟಿದೊಡನೆ ತಂತಿಗಳು ಬಟ್ಟೆ ಒಣಗಹಾಕಿದ ಹಗ್ಗದಂತೆ ತೂಗಾಡುತ್ತವೆ, ಲೋಹದ ಮೆಟ್ಟಿಲುಗಳಿಗೆ ಬಡಿದು ಗಲಗಲ ಸದ್ದು ಮಾಡುತ್ತವೆ. ಬೆರಳೊತ್ತಿದ ಕಡೆಯಲ್ಲೆಲ್ಲ ಸ್ವರ ಅಪಸ್ವರ. ವಾದ್ಯವೇ ಕಳಪೆಯೆಂದು ಅವನು ಅದನ್ನು ಮಾರಲೂ ಮನಸ್ಸು ಮಾಡಬಹುದು. ದೋಷವು ವಾದ್ಯದಲ್ಲಿಲ್ಲ. ತಂತಿಯನ್ನು ಸಡಿಲಿಸುವುದು ಬೇರೆ, ಶ್ರುತಿಯನ್ನು ಇಳಿಸುವುದು ಬೇರೆ. ಅವನು ಮಾಡಿದ್ದು ಮೊದಲನೆಯದನ್ನು ಮಾತ್ರ.

ತಂತಿಯ ಮೂರು ನಿಯಮಗಳು

ತಂತಿಯ ಕಂಪನಸಂಖ್ಯೆಯನ್ನು ನಿರ್ಧರಿಸುವ ನಿಯಮಗಳನ್ನು ಫ್ರಾನ್ಸಿನ ಮಾರಾನ್ ಮೆರ್ಸೆನ್ ಎಂಬ ಸಂನ್ಯಾಸಿ 1636ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ತಂತಿಯ ಉದ್ದ ಇಮ್ಮಡಿಯಾದರೆ ಕಂಪನಸಂಖ್ಯೆ ಅರ್ಧವಾಗುತ್ತದೆ. ಬಿಗಿತವು ನಾಲ್ಕರಲ್ಲಿ ಒಂದು ಪಾಲಿಗೆ ಇಳಿದರೆ ಆಗಲೂ ಕಂಪನಸಂಖ್ಯೆ ಅರ್ಧವಾಗುತ್ತದೆ. ಅಷ್ಟೇ ಉದ್ದದ ತಂತಿಯ ತೂಕವು ನಾಲ್ಮಡಿಯಾದರೂ ಫಲ ಅದೇ.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ತಂತಿಯನ್ನು ಮೀಟಿದೊಡನೆ ಅದರ ಮೇಲೆ ಒಂದು ಅಲೆ ಹೊರಟು ತುದಿಯನ್ನು ಮುಟ್ಟಿ ಹಿಂದಿರುಗುತ್ತದೆ. ಹೋಗಿ ಬರುವ ಒಂದೊಂದು ಸುತ್ತೂ ಒಂದೊಂದು ಕಂಪನ. ಬೇಸ್ ಗಿಟಾರಿನಲ್ಲಿ ಈ ಸುತ್ತಿನ ದೂರ ಸುಮಾರು 1.73 ಮೀಟರು. ಇ ಸ್ವರಕ್ಕಾಗಿ ಅಲೆಯು ಸೆಕೆಂಡಿಗೆ 71 ಮೀಟರಿನಂತೆ ಓಡಬೇಕು. ಬಿ ಸ್ವರಕ್ಕೆ, ಅಂದರೆ ಸೆಕೆಂಡಿಗೆ 30.9 ಕಂಪನಗಳಿಗೆ, 53 ಮೀಟರು ಸಾಕು. ಅಲೆಯ ಓಟವನ್ನು ತಗ್ಗಿಸುವುದಕ್ಕೆ ಎರಡು ಮಾರ್ಗಗಳುಂಟು: ಬಿಗಿತವನ್ನು ಕಡಮೆ ಮಾಡುವುದು, ಇಲ್ಲವೆ ತಂತಿಯ ಭಾರವನ್ನು ಹೆಚ್ಚಿಸುವುದು. ಉದ್ದವನ್ನು ಹೆಚ್ಚಿಸುವ ಮೂರನೆಯ ಮಾರ್ಗ ಪಿಯಾನೋ ತಯಾರಿಸುವವನಿಗೆ ಸುಲಭ. ದೊಡ್ಡ ಪಿಯಾನೋವಿನ ಅತಿ ಕೆಳಗಿನ ತಂತಿ ಸುಮಾರು 2 ಮೀಟರು ಉದ್ದವಿರುತ್ತದೆ. ಗಿಟಾರಿನ ದಂಡಿಯಾದರೋ ಮನುಷ್ಯನ ತೋಳಿನ ಅಳತೆಯನ್ನು ಮೀರುವಂತಿಲ್ಲ.

ನಮ್ಮ ತರುಣನು ಮೊದಲನೆಯ ಮಾರ್ಗವನ್ನು ಹಿಡಿದನು. .105 ಇಂಚು (2.67 ಮಿ.ಮೀ.) ದಪ್ಪದ ಸಾಮಾನ್ಯ ಇ ತಂತಿಯ ಬಿಗಿತ ಸುಮಾರು 18 ಕಿಲೋಗ್ರಾಂ ಭಾರಕ್ಕೆ ಸಮ. ಅದನ್ನೇ ಬಿ ಸ್ವರಕ್ಕೆ ಇಳಿಸಿದರೆ ಉಳಿಯುವುದು 10 ಕಿಲೋಗ್ರಾಂ ಮಾತ್ರ. ಬೆರಳಿನ ಬಲ ಮೊದಲಿನಷ್ಟೇ ಇದ್ದರೂ ತಂತಿಯು ಮೊದಲಿಗಿಂತ ಸುಮಾರು 1.8 ಪಾಲು ದೂರಕ್ಕೆ ಎಳೆಯಲ್ಪಡುತ್ತದೆ. ಮೆಟ್ಟಿಲುಗಳಿಗೆ ಬಡಿಯದೆ ಮತ್ತೇನು ಮಾಡೀತು? ಮೇಲಾಗಿ, ತಂತಿಯನ್ನು ಒತ್ತಿದಾಗಲೂ ಬಲವಾಗಿ ಮೀಟಿದಾಗಲೂ ಅದು ತುಸು ಹಿಗ್ಗಿ ಬಿಗಿಯಾಗುತ್ತದೆ. 18 ಕಿಲೋಗ್ರಾಮಿನ ಬಿಗಿತಕ್ಕೆ ಅರ್ಧ ಕಿಲೋಗ್ರಾಂ ಸೇರಿದರೆ ಕಿವಿಗೆ ಹೆಚ್ಚು ತಿಳಿಯದು. 10 ಕಿಲೋಗ್ರಾಮಿಗೆ ಅಷ್ಟೇ ಸೇರಿದರೆ ಸ್ವರವೇ ಮೇಲೆ ಸರಿಯುತ್ತದೆ. ಸಡಿಲ ತಂತಿಯನ್ನು ಜೋರಾಗಿ ಮೀಟಿದರೆ ಸ್ವರವು ಮೇಲಿನಿಂದ ಜಾರಿ ತನ್ನ ಸ್ಥಾನಕ್ಕೆ ಬರುವುದನ್ನು ಯಾರು ಬೇಕಾದರೂ ಕೇಳಬಹುದು.

ಭಾರ ಎಷ್ಟಿರಬೇಕು?

ಎರಡನೆಯ ಮಾರ್ಗವೇ ಸರಿಯಾದುದು: ದಪ್ಪ ತಂತಿ. ಒಂದು ಸ್ಥೂಲ ಸೂತ್ರವನ್ನು ನೆನಪಿನಲ್ಲಿಟ್ಟರೆ ಸಾಕು. ಶ್ರುತಿಯನ್ನು ಒಂದು ಸ್ವರಸ್ಥಾನ ಇಳಿಸಿದರೆ ಬಿಗಿತವು ನೂರಕ್ಕೆ 11ರಷ್ಟು ಕುಗ್ಗುತ್ತದೆ. ಅದನ್ನು ತುಂಬಿಕೊಡಲು ತಂತಿಯ ದಪ್ಪವನ್ನು ನೂರಕ್ಕೆ 6ರಷ್ಟು ಹೆಚ್ಚಿಸಬೇಕು. ಐದು ಸ್ವರಸ್ಥಾನಗಳಿಗೆ ಈ ಲೆಕ್ಕದಂತೆ .105 ಇಂಚಿನ ತಂತಿಯ ಬದಲು .140 ಇಂಚಿನದು ಬೇಕಾಗುತ್ತದೆ. ವ್ಯವಹಾರದಲ್ಲಿ .130 ಇಂಚಿನ ತಂತಿಯೇ ಹೆಚ್ಚು ಬಳಕೆಯಲ್ಲಿದ್ದು, ಬಿ ಸ್ವರದಲ್ಲಿ ಅದರ ಬಿಗಿತ ಸುಮಾರು 15.6 ಕಿಲೋಗ್ರಾಂ.

ತರುಣನಿಗೆ ಇನ್ನೊಂದು ಅನುಕೂಲವುಂಟು. ಅವನಿಗೆ ಬೇಕಾದ ಬಿ, ಇ, ಎ, ಡಿ ಎಂಬ ನಾಲ್ಕು ಸ್ವರಗಳು ಐದು ತಂತಿಗಳ ವಾದ್ಯದ ಕೆಳಗಿನ ನಾಲ್ಕು ಸ್ವರಗಳೇ ಆಗಿವೆ. ಐದು ತಂತಿಗಳ ಕಟ್ಟನ್ನು ಕೊಂಡು ಎಲ್ಲಕ್ಕಿಂತ ತೆಳುವಾದುದನ್ನು ಬದಿಗಿಟ್ಟು .130, .105, .085, .065 ಇಂಚಿನ ತಂತಿಗಳನ್ನು ಕಟ್ಟಿದರೆ ಆಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಇಷ್ಟು ದಪ್ಪ ತಂತಿಗಳ ಸೆಳೆತಕ್ಕೆ ದಂಡಿ ಬಾಗಿ ಮುರಿದೀತೆಂದು ಅನೇಕರು ಅಂಜುತ್ತಾರೆ. ಸಾಮಾನ್ಯ ಶ್ರುತಿಯಲ್ಲಿ .105, .085, .065, .045 ಇಂಚಿನ ನಾಲ್ಕು ತಂತಿಗಳ ಒಟ್ಟು ಸೆಳೆತ ಸುಮಾರು 83 ಕಿಲೋಗ್ರಾಂ. ದಪ್ಪ ತಂತಿಗಳು ಕೆಳಗಿನ ಶ್ರುತಿಯಲ್ಲಿ ಎಳೆಯುವುದು ಸುಮಾರು 79 ಕಿಲೋಗ್ರಾಂ. ದಂಡಿಯ ಮೇಲಿನ ಹೊರೆ ಹೆಚ್ಚುವುದಿರಲಿ, ತುಸು ಕಡಮೆಯೇ ಆಗುತ್ತದೆ. ಆದರೆ ಆ ದಪ್ಪ ತಂತಿಗಳನ್ನು ಮರೆತು ಸಾಮಾನ್ಯ ಶ್ರುತಿಗೆ ಏರಿಸಿದರೆ ಮಾತ್ರ ಅಂಜಿಕೆಗೆ ನಿಜವಾದ ಕಾರಣವುಂಟು.

ದಪ್ಪಕ್ಕೂ ಒಂದು ಮಿತಿ

ಹಾಗಾದರೆ ಇನ್ನೂ ದಪ್ಪ ತಂತಿಯಿಂದ ಇನ್ನೂ ಕೆಳಕ್ಕೆ ಹೋಗುತ್ತಲೇ ಇರಬಹುದಲ್ಲವೆ? ಇಲ್ಲಿ ಪ್ರಕೃತಿಯು ಒಂದು ತಡೆಯನ್ನು ಒಡ್ಡಿದೆ. ಆದರ್ಶ ತಂತಿಯು ದಾರದಂತೆ ಬಳುಕುವಂಥದು. ಅದು ತನ್ನ ಮೂಲಸ್ವರದೊಡನೆ ಅದರ ಎರಡು, ಮೂರು, ನಾಲ್ಕು ಮಡಿ ಕಂಪನಸಂಖ್ಯೆಯ ಉಪಸ್ವರಗಳನ್ನೂ ನುಡಿಯುತ್ತದೆ. ದಪ್ಪವಾದ ಲೋಹದ ತಂತಿಯು ದಾರದ ಗುಣವನ್ನು ಬಿಟ್ಟು ಸರಳಿನ ಗುಣವನ್ನು ತಾಳತೊಡಗುತ್ತದೆ. ಆಗ ಉಪಸ್ವರಗಳು ತಮ್ಮ ಸರಿಯಾದ ಸ್ಥಾನಕ್ಕಿಂತ ಮೇಲೆ ಸರಿದು ನಾದವು ಕಲಕಿಹೋಗುತ್ತದೆ. ಘನ ತಂತಿಯ ದಪ್ಪವು ಇಮ್ಮಡಿಯಾದರೆ ಅದರ ಸೆಡೆತ ಹದಿನಾರು ಮಡಿಯಾಗುತ್ತದೆಂಬುದನ್ನು ನೆನೆದರೆ ಈ ತೊಡಕಿನ ಪ್ರಮಾಣ ತಿಳಿದೀತು.

ಇದಕ್ಕಾಗಿಯೇ ಬೇಸ್ ತಂತಿಗಳನ್ನು ಒಂದೇ ಘನ ಲೋಹದಿಂದ ಮಾಡುವುದಿಲ್ಲ. ನಡುವೆ ತೆಳುವಾದ ಉಕ್ಕಿನ ಎಳೆಯೊಂದಿದ್ದು ಅದರ ಸುತ್ತ ನಿಕಲ್ ಲೇಪದ ಉಕ್ಕು ಮುಂತಾದ ಸರಿಗೆಯನ್ನು ಒಂದರ ಮೇಲೊಂದು ಪದರವಾಗಿ ಸುತ್ತಿರುತ್ತಾರೆ. ಸೆಳೆತವನ್ನು ತಾಳುವ ಕೆಲಸ ಎಳೆಯದು, ಭಾರವನ್ನು ಕೊಡುವ ಕೆಲಸ ಸುತ್ತಿನದು. ಸುತ್ತುಗಳು ಬಿಡಿಬಿಡಿಯಾಗಿರುವುದರಿಂದ ಬಳುಕು ಬಹುಮಟ್ಟಿಗೆ ಉಳಿಯುತ್ತದೆ.

ಬಿ ಸ್ವರಕ್ಕೂ ಕೆಳಗಿನ ಎ ಸ್ವರಕ್ಕೆ (27.5 ಕಂಪನ) ಸುಮಾರು .145 ಇಂಚಿನ ತಂತಿ ಒಪ್ಪುತ್ತದೆ. 23 ಕಂಪನಗಳ ಎಫ್ ಶಾರ್ಪ್ ಸ್ವರಕ್ಕೆ ಅದೇ ಬಿಗಿತವನ್ನು ಉಳಿಸಬೇಕಾದರೆ .174 ಇಂಚು, ಎಂದರೆ 4.4 ಮಿ.ಮೀ. ದಪ್ಪದ ತಂತಿ ಬೇಕು. ಅದು ತಂತಿಗಿಂತ ಹೆಚ್ಚಾಗಿ ಸರಳನ್ನೇ ಹೋಲುತ್ತದೆ. ಅಷ್ಟು ಕೆಳಗಿಳಿಯುವವರಿಗೆ ಉದ್ದವಾದ ದಂಡಿಯ ವಾದ್ಯವೇ ಉಚಿತ. 34 ಇಂಚಿನ ಬದಲು 37 ಇಂಚಿನ ಅಳತೆಯಲ್ಲಿ ಅದೇ ತಂತಿ ಅದೇ ಸ್ವರದಲ್ಲಿ ನೂರಕ್ಕೆ 18ರಷ್ಟು ಹೆಚ್ಚು ಬಿಗಿಯಾಗಿರುತ್ತದೆ.

ವಾದ್ಯವನ್ನು ಹೊಂದಿಸುವ ಕ್ರಮ

ತಂತಿಗಳನ್ನು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ವಾದ್ಯದ ಒಂದೊಂದು ಅಂಗವೂ ಹಳೆಯ ತಂತಿಗಳಿಗಾಗಿ ಹೊಂದಿಸಲ್ಪಟ್ಟಿತ್ತು. ಒಂದನ್ನು ತಿದ್ದಿದರೆ ಮತ್ತೊಂದು ಕದಲುವುದರಿಂದ ಕೆಲಸವನ್ನು ಕ್ರಮವಾಗಿ ಮಾಡಬೇಕು.

ಮೊದಲನೆಯದು ದಂಡಿಯ ತಲೆಯಲ್ಲಿರುವ ನಟ್ ಎಂಬ ಪಟ್ಟಿ. ವೀಣೆಯಲ್ಲಿ ಮೇರುವು ಮಾಡುವ ಕೆಲಸವನ್ನೇ ಇದು ಇಲ್ಲಿ ಮಾಡುತ್ತದೆ. ಎಲುಬಿನ ಅಥವಾ ಪ್ಲಾಸ್ಟಿಕ್ಕಿನ ಈ ಪಟ್ಟಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುತ್ತವೆ. 2.67 ಮಿ.ಮೀ. ತಂತಿಗಾಗಿ ಕೊರೆದ ಕಚ್ಚಿನಲ್ಲಿ 3.30 ಮಿ.ಮೀ. ತಂತಿ ಇಳಿಯದೆ ಮೇಲೆಯೇ ಕುಳಿತರೆ, ಮೊದಲ ಮೆಟ್ಟಿಲುಗಳಲ್ಲಿ ಒತ್ತಿದ ಸ್ವರಗಳೆಲ್ಲ ಏರಿಹೋಗುತ್ತವೆ. ಕಚ್ಚನ್ನು ಸಣ್ಣ ಅರದಿಂದ ಅಗಲಿಸಬೇಕು, ಆದರೆ ಆಳವನ್ನು ಹೆಚ್ಚಿಸಬಾರದು. ಮೂರನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ ಹಿಡಿದಾಗ ಮೊದಲನೆಯ ಮೆಟ್ಟಿಲಿಗೂ ತಂತಿಗೂ ನಡುವೆ ಒಂದು ಕಾಗದದಷ್ಟು ತೆರವು ಉಳಿದಿರಬೇಕು. ಎಲ್ಲ ಹೊಂದಾಣಿಕೆಗಳಲ್ಲಿಯೂ ಹಿಂದಿರುಗಲಾರದ ಹೆಜ್ಜೆ ಇದೊಂದೇ. ಸಡಿಲಿಸಿದ ತಿರುಪನ್ನು ಮತ್ತೆ ಬಿಗಿಯಬಹುದು, ಉಜ್ಜಿ ತೆಗೆದ ಎಲುಬನ್ನು ಮತ್ತೆ ಅಂಟಿಸಲಾಗದು. ಆದುದರಿಂದ ಹಳೆಯ ಪಟ್ಟಿಯನ್ನು ಕುಶಲಕರ್ಮಿಯಿಂದ ತೆಗೆಸಿ ಜೋಪಾನವಾಗಿಟ್ಟು, ಹೊಸದೊಂದನ್ನು ಕಚ್ಚು ಕೊರೆದು ಕೂರಿಸುವುದು ವಿವೇಕ. ಮುಂದೊಂದು ದಿನ ವಾದ್ಯವನ್ನು ಹಳೆಯ ಶ್ರುತಿಗೆ ತರಬೇಕೆನಿಸಿದರೆ ದಾರಿ ತೆರೆದಿರುತ್ತದೆ.

ಬಿರಡೆಗೆ ಸುತ್ತುವಾಗ ದಪ್ಪ ತಂತಿಯನ್ನು ಮೊದಲು ಲಂಬಕೋನದಲ್ಲಿ ಬಾಗಿಸಿ ಆಮೇಲೆ ಕತ್ತರಿಸಬೇಕು. ಬಾಗಿಸದೆ ಕತ್ತರಿಸಿದರೆ ಹೊರಗಿನ ಸುತ್ತು ಒಳಗಿನ ಎಳೆಯ ಮೇಲೆ ಜಾರಿ ನಾದವು ಸತ್ತುಹೋಗುವ ಸಂಭವವುಂಟು. ಎರಡು ಮೂರು ಸುತ್ತುಗಳು ಮೇಲಿನಿಂದ ಕೆಳಕ್ಕೆ ಒತ್ತಾಗಿ ಬಿದ್ದರೆ ಸಾಕು.

ಮುಂದಿನದು ದಂಡಿ. ಅದರ ಮರದೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕಿಯೊಂದು ಹುದುಗಿದ್ದು ತಂತಿಗಳ ಸೆಳೆತಕ್ಕೆ ಎದುರಾಗಿ ಒತ್ತುತ್ತಿರುತ್ತದೆ. ತರುಣನು ತಂತಿಗಳನ್ನು ಸುಮ್ಮನೆ ಸಡಿಲಿಸಿದಾಗ ಅವುಗಳ ಒಟ್ಟು ಸೆಳೆತ 83ರಿಂದ ಸುಮಾರು 46 ಕಿಲೋಗ್ರಾಮಿಗೆ ಇಳಿದಿತ್ತು. ಸಲಾಕಿಯ ಒತ್ತು ಮಾತ್ರ ಹಾಗೆಯೇ ಇತ್ತು. ಹಗ್ಗಜಗ್ಗಾಟದಲ್ಲಿ ಒಂದು ಪಕ್ಷದವರು ಕೈಬಿಟ್ಟಂತೆ ದಂಡಿಯು ಹಿಂದಕ್ಕೆ ಬಾಗಿ ತಂತಿಗಳು ಮೆಟ್ಟಿಲುಗಳ ಮೇಲೆಯೇ ಮಲಗಿದುದಕ್ಕೆ ಇದೂ ಒಂದು ಕಾರಣ. ಕಂಪಿಸುವ ತಂತಿಯು ನಡುವೆ ಅಗಲವಾಗಿಯೂ ತುದಿಗಳಲ್ಲಿ ಕಿರಿದಾಗಿಯೂ ತೂಗುವುದರಿಂದ ದಂಡಿಯೂ ನಡುವೆ ಕೊಂಚ ತಗ್ಗಾಗಿರಬೇಕು. ತಂತಿಯನ್ನು ಮೊದಲ ಮೆಟ್ಟಿಲಿನಲ್ಲಿಯೂ ದಂಡಿಯು ಒಡಲನ್ನು ಸೇರುವೆಡೆಯ ಮೆಟ್ಟಿಲಿನಲ್ಲಿಯೂ ಒತ್ತಿ ಹಿಡಿದು ಏಳನೆಯ ಮೆಟ್ಟಿಲಿನ ಬಳಿ ನೋಡಿದರೆ 0.3ರಿಂದ 0.4 ಮಿ.ಮೀ. ಅಂತರ, ಎಂದರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಕಾಣಬೇಕು. ಸಾಮಾನ್ಯವಾಗಿ ಸಲಾಕಿಯ ತಿರುಪನ್ನು ಪ್ರದಕ್ಷಿಣವಾಗಿ ತಿರುಗಿಸಿದರೆ ದಂಡಿ ನೆಟ್ಟಗಾಗುತ್ತದೆ, ಅಪ್ರದಕ್ಷಿಣವಾಗಿ ತಿರುಗಿಸಿದರೆ ತಗ್ಗು ಹೆಚ್ಚುತ್ತದೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಕೂಡದು. ಮರವು ಲೋಹದಂತೆ ತಟ್ಟನೆ ಮಾತು ಕೇಳುವುದಿಲ್ಲ. ತಂತಿಗಳನ್ನು ಶ್ರುತಿಯಲ್ಲಿಟ್ಟು ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಬೇಕು. ತಿರುಪು ಮೊಂಡುಹಿಡಿದರೆ ಬಲಪ್ರಯೋಗ ಮಾಡದೆ ಬಲ್ಲವರಲ್ಲಿಗೆ ಹೋಗುವುದೇ ಲೇಸು.

ಇನ್ನು ಕುದುರೆ. ಬೇಸ್ ಗಿಟಾರಿನ ಕುದುರೆಯ ಮೇಲೆ ಒಂದೊಂದು ತಂತಿಗೂ ಪ್ರತ್ಯೇಕವಾದ ಲೋಹದ ಆಸರೆಯುಂಟು. ಇಂಗ್ಲಿಷಿನಲ್ಲಿ ಇದನ್ನು ಸ್ಯಾಡಲ್, ಅಂದರೆ ಜೀನು ಎನ್ನುತ್ತಾರೆ. ಕುದುರೆಯ ಮೇಲೆ ಜೀನು ಇರುವುದು ಯೋಗ್ಯವೇ ಸರಿ! ಜೀನನ್ನು ಏರಿಸಿ ಇಳಿಸಿ ತಂತಿಯ ಎತ್ತರವನ್ನು ಗೊತ್ತುಮಾಡಬಹುದು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ಬಿ ತಂತಿಗೆ ಸುಮಾರು 3 ಮಿ.ಮೀ., ಡಿ ತಂತಿಗೆ ಸುಮಾರು 2 ಮಿ.ಮೀ. ಎತ್ತರದಿಂದ ಆರಂಭಿಸಿ, ವಾದಕನು ತನ್ನ ಬೆರಳಿನ ಬಲಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕು.

ಜೀನನ್ನು ಹಿಂದೆ ಮುಂದೆ ಸರಿಸಿ ಸ್ವರಶುದ್ಧಿಯನ್ನು ಸಾಧಿಸುವುದು ಮುಂದಿನ ಹಂತ. ಹನ್ನೆರಡನೆಯ ಮೆಟ್ಟಿಲಿನ ನೇರದಲ್ಲಿ ತಂತಿಯನ್ನು ಒತ್ತದೆ ಬರಿದೇ ಸೋಕಿ ಮೀಟಿದರೆ ಮೇಲಿನ ಸ್ಥಾಯಿಯ ಸ್ವರವೊಂದು ಕೇಳುತ್ತದೆ. ಅಲ್ಲಿಯೇ ಒತ್ತಿ ಮೀಟಿದರೂ ಅದೇ ಸ್ವರ ಬರಬೇಕು. ಒತ್ತಿದ ಸ್ವರ ಏರಿದ್ದರೆ ಜೀನನ್ನು ಹಿಂದಕ್ಕೆ ಸರಿಸಿ ತಂತಿಯನ್ನು ಉದ್ದಮಾಡಬೇಕು. ದಪ್ಪ ತಂತಿಯು ಜೀನಿನ ಅಂಚಿನಲ್ಲಿ ಥಟ್ಟನೆ ಬಾಗಲಾರದೆ ಸ್ವಲ್ಪ ಮುಂದಿನಿಂದ ಕಂಪಿಸತೊಡಗುವುದರಿಂದ, ಅದರ ಜೀನು ಉಳಿದವುಗಳಿಗಿಂತ ಹಿಂದೆ ನಿಲ್ಲಬೇಕಾಗುತ್ತದೆ.

ಕಡೆಯದು ಪಿಕಪ್. ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಈ ಸಾಧನದೊಳಗೆ ಅಯಸ್ಕಾಂತಗಳಿವೆ. ಅವು ತಂತಿಗೆ ತೀರ ಹತ್ತಿರವಿದ್ದರೆ ಉಕ್ಕನ್ನು ತಮ್ಮತ್ತ ಸೆಳೆದು ಕಂಪನವನ್ನು ಕೆಡಿಸುತ್ತವೆ; ಸ್ವರದಲ್ಲಿ ಒಂದು ಬಗೆಯ ಓಲಾಟ ಕೇಳಿಬರುತ್ತದೆ. ದಪ್ಪ ತಂತಿಯ ಬದಿಯಲ್ಲಿ ಪಿಕಪ್ಪನ್ನು ಕೊಂಚ ತಗ್ಗಿಸಿದರೆ ಈ ದೋಷ ಪರಿಹಾರವಾಗುತ್ತದೆ.

ಮಿಡಿತವೂ ಝೇಂಕಾರವೂ

ತಂತಿ ಇನ್ನೊಂದು ವಸ್ತುವಿಗೆ ತಗಲುವುದು ಯಾವಾಗಲೂ ದೋಷವೇ? ನಮ್ಮ ತಂಬೂರಿಯನ್ನು ನೆನೆಯಿರಿ. ಅದರ ಅಗಲವಾದ ಕುದುರೆಯ ಮೇಲೆ ತಂತಿಯು ಸವರಿಕೊಂಡು ಹೋಗುವಂತೆ ಮಾಡಿ, ಕೆಳಗೊಂದು ನೂಲನ್ನು ಸಿಕ್ಕಿಸಿ ಝೇಂಕಾರವನ್ನು ಬೇಕೆಂದೇ ಬರಿಸುತ್ತಾರೆ. ಈ ಕುದುರೆಯಿಂದಾಗಿ, ಸಾಮಾನ್ಯ ನಿಯಮದಂತೆ ಕೇಳಬಾರದ ಉಪಸ್ವರಗಳೂ ಹೊರಹೊಮ್ಮುತ್ತವೆಂದು 1921ರಲ್ಲಿ ಸಿ. ವಿ. ರಾಮನ್ ಅವರು ತೋರಿಸಿದರು. ತಂಬೂರಿಯಲ್ಲಿ ಆ ಸ್ಪರ್ಶವು ನಯವಾದದ್ದು, ತಂತಿಯ ತುದಿಯಲ್ಲಿ ನಡೆಯುವಂಥದು. ಬೇಸ್ ಗಿಟಾರಿನಲ್ಲಿ ಸಡಿಲ ತಂತಿಯು ಗಡುಸಾದ ಮೆಟ್ಟಿಲುಗಳಿಗೆ ಅಡ್ಡಾದಿಡ್ಡಿಯಾಗಿ ಬಡಿದು ತನ್ನ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಲೋಹದ ಮಿಡಿತವನ್ನು ಕೊಂಚಮಟ್ಟಿಗೆ ಬಯಸುವ ವಾದಕರೂ ಉಂಟು; ಅದು ನಾದವನ್ನು ನುಂಗದಂತಿದ್ದರೆ ಆಕ್ಷೇಪವಿಲ್ಲ.

ಕಿವಿಯ ಪಾಲು

ಇಷ್ಟೆಲ್ಲ ಶ್ರಮಪಟ್ಟು ನುಡಿಸಿದ ಬಿ ಸ್ವರದಲ್ಲಿ ನಾವು ನಿಜವಾಗಿ ಕೇಳುವುದೇನು? ಸೆಕೆಂಡಿಗೆ 31 ಕಂಪನಗಳ ಮೂಲಸ್ವರವನ್ನು ಸಾಧಾರಣ ಧ್ವನಿವರ್ಧಕವು ಬಹು ಕ್ಷೀಣವಾಗಿ ಮಾತ್ರ ಹೊರಡಿಸಬಲ್ಲದು. ನಮ್ಮ ಕಿವಿಯೂ 20 ಕಂಪನಗಳ ಎಲ್ಲೆಯನ್ನು ಸಮೀಪಿಸಿದಂತೆ ಮಂದವಾಗುತ್ತದೆ. ಆದರೂ ಸ್ವರವು ಕೆಳಗಿನದೆಂದೇ ತಿಳಿಯುತ್ತದೆ. 62, 93, 124 ಎಂಬ ಉಪಸ್ವರಗಳು ಕಿವಿಗೆ ಬಿದ್ದೊಡನೆ, ಇವೆಲ್ಲಕ್ಕೂ ಸಾಮಾನ್ಯವಾದ ಮೂಲ 31 ಎಂಬ ಲೆಕ್ಕವನ್ನು ಮಿದುಳು ತಾನೇ ಮಾಡಿಬಿಡುತ್ತದೆ. 1841ರಲ್ಲಿ ಜರ್ಮನಿಯ ಆಗಸ್ಟ್ ಸೀಬೆಕ್ ರಂಧ್ರಗಳುಳ್ಳ ಚಕ್ರದ ಸೈರನ್ನಿನಿಂದ ಈ ವಿಚಿತ್ರವನ್ನು ಗಮನಿಸಿದನು. ಹಳೆಯ ದೂರವಾಣಿಯು 300 ಕಂಪನಗಳಿಗಿಂತ ಕೆಳಗಿನ ಧ್ವನಿಯನ್ನು ಸಾಗಿಸುತ್ತಿರಲಿಲ್ಲ. ಗಂಡಸಿನ ಕಂಠದ ಮೂಲಸ್ವರವು ಅದಕ್ಕಿಂತ ಬಹು ಕೆಳಗಿದ್ದರೂ ಅದು ಗಂಡಸಿನ ಕಂಠವೆಂದು ನಾವು ಸಂದೇಹವಿಲ್ಲದೆ ಗುರುತಿಸುತ್ತಿದ್ದೆವು.

ಈ ಸಂಗತಿಯಿಂದ ಮೇಲಿನ ಎಲ್ಲ ಶ್ರಮದ ಅರ್ಥವೂ ಸ್ಪಷ್ಟವಾಗುತ್ತದೆ. ಮಂದ್ರಸ್ವರದ ಗಾಂಭೀರ್ಯವು ಉಪಸ್ವರಗಳ ಶಿಸ್ತನ್ನು ಅವಲಂಬಿಸಿದೆ. ತಂತಿಯು ಸಡಿಲವಾಗಿ ಸ್ವರವು ಜಾರಿದರೆ, ಸೆಡೆತು ಉಪಸ್ವರಗಳು ಚೆದರಿದರೆ, ಮೆಟ್ಟಿಲಿಗೆ ಬಡಿದು ಸದ್ದು ಬೆರೆತರೆ, ಮಿದುಳಿನ ಲೆಕ್ಕ ತಪ್ಪುತ್ತದೆ. ಕೇಳುಗನಿಗೆ ಗೊಂದಲದ ಗುಡುಗು ಮಾತ್ರ ಉಳಿಯುತ್ತದೆ. ಶ್ರುತಿ ಇಳಿದಷ್ಟೂ ತಂತಿಯ ಬಿಗಿಯನ್ನು ಕಾಪಾಡಬೇಕೆಂಬುದಕ್ಕೆ ಕಾರಣ ಇದೇ.

ನಮ್ಮ ತರುಣನಿಗೆ ಇಷ್ಟಕ್ಕೂ ತಗಲಿದುದು ಒಂದು ಕಟ್ಟು ತಂತಿ, ಒಂದು ಹೊಸ ಪಟ್ಟಿ ಮತ್ತು ಎರಡು ದಿನಗಳ ತಾಳ್ಮೆ. ಮಾರಬೇಕೆಂದಿದ್ದ ವಾದ್ಯವನ್ನು ಅವನು ಮತ್ತೆ ಮಡಿಲಿಗೇರಿಸಿ ಬಿ ತಂತಿಯನ್ನು ಮೀಟಿದಾಗ, ಮರದ ಒಡಲು ಅವನ ಎದೆಗೆ ತಾಗಿ ನಡುಗುತ್ತದೆ. ಸ್ವರವು ಜಾರದೆ, ಗಲಗಲಿಸದೆ, ತನ್ನ ಸ್ಥಾನದಲ್ಲಿಯೇ ನಿಂತು ಮೆಲ್ಲಮೆಲ್ಲನೆ ಅಡಗುತ್ತದೆ.